ಹಾದುಹೋದವರೂ ಉಳಿದುಕೊಂಡವರೂ

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಕೊಟ್ಟ ವಿಷಯ ಹೀಗಿತ್ತು: "ಯೂರೋಪಿನಲ್ಲಿ ಉಗ್ರ ಬಲಪಂಥೀಯ ಪಕ್ಷಗಳ ಏಳಿಗೆಗೆ ಅಕ್ರಮ ವಲಸೆಯೇ ಕಾರಣ." ನಾನು ವಿರೋಧಪಕ್ಷದಲ್ಲಿ ನಿಂತು ಮಾತನಾಡಿದೆ. ವಲಸೆ ಬಂದವನು ಬಡವ, ಬಡವನನ್ನು ದೂರುವುದು ಹೇಡಿತನ, ತಪ್ಪೆಲ್ಲವೂ ದ್ವೇಷ ಬಿತ್ತುವ ಮುಖಂಡರದೇ ಎಂದು ಮೇಜು ಕುಟ್ಟಿ ಹೇಳಿದೆ. ಚಪ್ಪಾಳೆಯೇನೋ ಬಿದ್ದಿತು. ವೇದಿಕೆಯಿಂದ ಇಳಿದು ಬಂದಾಗ ರಾಜ್ಯಶಾಸ್ತ್ರದ ಗುರುಗಳು ಹತ್ತಿರ ಕರೆದು, "ಚೆನ್ನಾಗಿ ಮಾತಾಡಿದೆ ಕಣಯ್ಯ. ಆದರೆ ಆ ಪಕ್ಷಕ್ಕೆ ಮತ ಹಾಕಿದವನು ಏನನ್ನು ಕಂಡು ಹಾಕಿದ ಅಂತ ಒಂದು ಸಲವಾದರೂ ಯೋಚಿಸಿದೆಯಾ?" ಎಂದರು. ಯೋಚಿಸಿರಲಿಲ್ಲ. ಆಮೇಲೆ ಪುಸ್ತಕ ಭಂಡಾರದಲ್ಲಿ ಕುಳಿತು ಓದಿ ತಿಳಿದುಕೊಂಡದ್ದನ್ನು ವಾಚಕಮಿತ್ರರ ಮುಂದೆ ಇಡುತ್ತಿದ್ದೇನೆ.

2015ನೆಯ ಇಸವಿಯಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ತುರ್ಕಿಯ ದಡದಿಂದ ರಬ್ಬರ್ ದೋಣಿಗಳಲ್ಲಿ ಸಮುದ್ರ ದಾಟಿ ಗ್ರೀಸಿಗೆ ಬಂದಿಳಿದರು. ಹೆಚ್ಚಿನವರು ಸಿರಿಯ, ಆಫ್ಘಾನಿಸ್ತಾನ, ಇರಾಕ್ ದೇಶದವರು. ಅವರ ಕೈಯಲ್ಲಿ ರಹದಾರಿಯಿರಲಿಲ್ಲ. 'ಅಕ್ರಮ' ಎಂಬ ಮಾತು ಹುಟ್ಟಿದ್ದು ಇದರಿಂದಲೇ. (ಪ್ರಾಣಭಯದಿಂದ ನೇರವಾಗಿ ಓಡಿಬಂದು, ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾದವನನ್ನು ಗಡಿ ದಾಟಿದ ತಪ್ಪಿಗಾಗಿ ದಂಡಿಸಕೂಡದೆಂದು 1951ರ ನಿರಾಶ್ರಿತರ ಒಪ್ಪಂದ ಹೇಳುತ್ತದೆ. ಆ ಪದವನ್ನು ಬಳಸುವ ನಾವು ಇದನ್ನು ಮರೆಯಬಾರದು.) ಬಂದವರಲ್ಲಿ ಬಹುಮಂದಿ ಆಗ ದ್ವೀಪಗಳಲ್ಲಿ ನೆಲೆನಿಲ್ಲಲಿಲ್ಲ, ಹಡಗು ಹತ್ತಿ ಅಥೆನ್ಸಿಗೆ, ಅಲ್ಲಿಂದ ಉತ್ತರಕ್ಕೆ ಹೊರಟುಹೋದರು. ದ್ವೀಪದವರ ಕೆಲಸವನ್ನು ಅವರು ಕಿತ್ತುಕೊಳ್ಳಲಿಲ್ಲ. ಆದರೂ ಆ ಸೆಪ್ಟೆಂಬರಿನ ಚುನಾವಣೆಯಲ್ಲಿ, ದೋಣಿಗಳು ಬಂದು ತಾಗಿದ ದ್ವೀಪಗಳಲ್ಲಿ 'ಗೋಲ್ಡನ್ ಡಾನ್' ಎಂಬ ನಾಜಿ ಛಾಯೆಯ ಪಕ್ಷಕ್ಕೆ, ದೋಣಿ ತಾಗದ ಅಂಥವೇ ದ್ವೀಪಗಳಿಗಿಂತ ನೂರಕ್ಕೆ ಸುಮಾರು 2 ಮತ ಹೆಚ್ಚಾಗಿ ಬಿದ್ದವೆಂದು ವಿದ್ವಾಂಸರು ಲೆಕ್ಕ ಹಾಕಿ ತೋರಿಸಿದ್ದಾರೆ. ಇಡೀ ದೇಶದಲ್ಲಿ ನೂರಕ್ಕೆ 7 ಮತ ಪಡೆದ ಪಕ್ಷಕ್ಕೆ ಇದೇನು ಸಣ್ಣದೆ? ವಲಸೆಗೂ ಮತಕ್ಕೂ ಸಂಬಂಧವೇ ಇಲ್ಲವೆಂದು ನಾನು ಕುಟ್ಟಿದ ಮೇಜಿನ ಪೆಟ್ಟು ಈಗ ನನ್ನ ಕೈಗೇ ತಾಗುತ್ತಿದೆ.

ಆದರೆ ಅದೇ ತಿಂಗಳಿನ ಇನ್ನೊಂದು ಸಂಗತಿಯಿದೆ. ಆಸ್ಟ್ರಿಯ ದೇಶದ ಅಪ್ಪರ್ ಆಸ್ಟ್ರಿಯ ಎಂಬ ಪ್ರಾಂತ ಜರ್ಮನಿಯ ಗಡಿಗೆ ಹೊಂದಿಕೊಂಡಿದೆ. ಸೆಪ್ಟೆಂಬರ್ 27ರಂದು ಅಲ್ಲಿ ಪ್ರಾಂತೀಯ ಚುನಾವಣೆ ನಡೆಯುವ ವೇಳೆಗೆ ಸಾವಿರ ಸಾವಿರ ಮಂದಿ ನಿರಾಶ್ರಿತರು ಆ ದಾರಿಯಾಗಿ ಜರ್ಮನಿಗೆ ಹೋಗುತ್ತಿದ್ದರು. ವಲಸೆಯನ್ನು ವಿರೋಧಿಸುವ ಫ್ರೀಡಂ ಪಾರ್ಟಿಯ ಮತ ನೂರಕ್ಕೆ 15ರಿಂದ 30ಕ್ಕೆ ಏರಿತು. ಇಷ್ಟೇ ಆಗಿದ್ದರೆ ನನ್ನ ಎದುರಾಳಿಯ ವಾದ ಗೆದ್ದಂತೆಯೇ. ಆದರೆ ಊರೂರಿನ ಲೆಕ್ಕವನ್ನು ಬಿಡಿಸಿ ನೋಡಿದ ಸಂಶೋಧಕರಿಗೆ ಬೇರೆಯೇ ಚಿತ್ರ ಕಂಡಿತು. ನಿರಾಶ್ರಿತರು ಹಾದುಹೋದ ದಾರಿಯ ಊರುಗಳಲ್ಲಿ ಆ ಪಕ್ಷಕ್ಕೆ ಬೆಂಬಲ ಹೆಚ್ಚಿತ್ತು. ಹಳೆಯ ಛತ್ರದಂಥ ದೊಡ್ಡ ಕಟ್ಟಡ ಖಾಲಿಯಿದ್ದು, ಅಲ್ಲಿ ಕೆಲವರನ್ನು ತಿಂಗಳುಗಟ್ಟಲೆ ಇರಿಸಿಕೊಂಡ ಊರುಗಳಲ್ಲಿ ಬೆಂಬಲ ಅಷ್ಟು ಏರಲಿಲ್ಲ. ಅದೇ ಜನ, ಅದೇ ಪಕ್ಷ, ಅದೇ ಚುನಾವಣೆ. ಒಂದು ಕಡೆ ಕಂಡದ್ದು ರಸ್ತೆಯ ಮೇಲಿನ ಗುಂಪು. ಇನ್ನೊಂದು ಕಡೆ ಕಂಡದ್ದು ರೊಟ್ಟಿ ಕೊಳ್ಳಲು ಅಂಗಡಿಗೆ ಬರುವ ಮನುಷ್ಯ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ; ಹಾದುಹೋಗುವವರನ್ನು ಪ್ರಮಾಣಿಸಿ ನೋಡಲು ಹೊತ್ತೆಲ್ಲಿ?

ಹಾಗೆಂದು ಹಂಚಿ ಇರಿಸುವುದೇ ದಿವ್ಯೌಷಧವೆಂದು ನಾನು ಹೇಳಲಾರೆ. ಡೆನ್ಮಾರ್ಕಿನಲ್ಲಿ 1986ರಿಂದ 1998ರವರೆಗೆ ಸರಕಾರವೇ ನಿರಾಶ್ರಿತರನ್ನು ಊರೂರಿಗೆ ಹಂಚಿತು. ದೊಡ್ಡ ಪಟ್ಟಣಗಳನ್ನು ಬಿಟ್ಟರೆ ಉಳಿದೆಡೆಗಳಲ್ಲಿ ವಲಸೆವಿರೋಧಿ ಪಕ್ಷಗಳ ಮತ ಹೆಚ್ಚಿತು. ಬರಿದೆ ಒಂದೇ ಊರಿನಲ್ಲಿ ಇದ್ದಮಾತ್ರಕ್ಕೆ ಪರಿಚಯವಾಗುವುದಿಲ್ಲವಷ್ಟೆ. ನಮ್ಮ ಹಾಸ್ಟೆಲಿನ ಪಂಕ್ತಿಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬರುವವರನ್ನು ತಡೆದರೆ ಈ ಪಕ್ಷಗಳು ತಾವಾಗಿಯೇ ಕರಗುತ್ತವೆ ಎನ್ನುವವರೂ ಇದ್ದಾರೆ. ಅವರು ಇಟಲಿಯನ್ನು ನೋಡಬೇಕು. 2016ರಲ್ಲಿ ಸಮುದ್ರಮಾರ್ಗವಾಗಿ ಅಲ್ಲಿಗೆ ಬಂದವರು 1,80,000ಕ್ಕೂ ಹೆಚ್ಚು. 2019ರಲ್ಲಿ ಸುಮಾರು 11,500 ಮಾತ್ರ. ದೋಣಿಗಳು ಕಡಮೆಯಾದವು, ಮತ ಕಡಮೆಯಾಗಲಿಲ್ಲ. 2018ರ ಸಂಸತ್ ಚುನಾವಣೆಯಲ್ಲಿ ನೂರಕ್ಕೆ 17 ಪಡೆದಿದ್ದ ಲೇಗಾ ಪಕ್ಷ 2019ರ ಯೂರೋಪಿಯನ್ ಚುನಾವಣೆಯಲ್ಲಿ 34 ಪಡೆಯಿತು. 2022ರಲ್ಲಿ ಅದು 9ಕ್ಕಿಂತ ಕೆಳಗಿಳಿದಾಗ ಜಾರ್ಜಿಯಾ ಮೆಲೋನಿಯವರ ಪಕ್ಷಕ್ಕೆ 26 ಬಂದಿತ್ತು. ಜರ್ಮನಿಯಲ್ಲಿಯೂ ಅಷ್ಟೆ: 2013ರಲ್ಲಿ ನೂರಕ್ಕೆ 4.7 ಪಡೆದ ಎ.ಎಫ್.ಡಿ. ಪಕ್ಷ 2025ರಲ್ಲಿ 20.8 ಪಡೆಯಿತು, ಅದು ಹೆಚ್ಚು ಬಲವಾಗಿರುವುದು ವಿದೇಶೀಯರು ಕಡಮೆಯಿರುವ ಪೂರ್ವಭಾಗದಲ್ಲಿ.

ನನಗೆ ತೋರುವುದು ಇದು. ಆ ಮತದಾರ ಕಂಡದ್ದು ಸುಳ್ಳಲ್ಲ. ತನ್ನ ಬೀದಿಯಲ್ಲಿ ಹೆಸರು ಗೊತ್ತಿಲ್ಲದ ಸಾವಿರ ಮಂದಿಯನ್ನೂ, ಅವರನ್ನು ಎಣಿಸುವವರು, ಅನ್ನ ಹಾಕುವವರು, ಎಲ್ಲಿಗೆ ಕಳಿಸುತ್ತೇವೆಂದು ಹೇಳುವವರು ಯಾರೂ ಇಲ್ಲದ್ದನ್ನೂ ಅವನು ಕಂಡ. ಸರಕಾರ ಬಾಯಿ ಬಿಡದಿದ್ದಾಗ ಪಕ್ಷ ಬಾಯಿ ಬಿಟ್ಟಿತು. ಅವನನ್ನು ಜನಾಂಗದ್ವೇಷಿಯೆಂದು ಬೈದು ಮನೆಗೆ ಹೋಗುವುದು ನಾನು ವೇದಿಕೆಯ ಮೇಲೆ ಮಾಡಿದ ಕೆಲಸದಷ್ಟೇ ಸುಲಭ. ಬಂದವರ ಹೆಸರು ಬೇಗ ಬರೆದುಕೊಳ್ಳಲಿ. ಊರಿನವರಿಗೆ ಮೊದಲೇ ತಿಳಿಸಲಿ. ಇರಿಸುವುದಾದರೆ ಮಕ್ಕಳು ಒಂದೇ ಶಾಲೆಗೆ ಹೋಗುವಷ್ಟು ಕಾಲ, ಊರಿಗೆ ಹೊರೆಯಾಗದಷ್ಟು ಸಂಖ್ಯೆಯಲ್ಲಿ ಇರಿಸಲಿ. ಇದರಿಂದ ಎಲ್ಲರ ಮನಸ್ಸೂ ತಿರುಗೀತೆಂಬ ಭ್ರಮೆ ನನಗಿಲ್ಲ.

ಈ ವಿಷಯ ನನ್ನನ್ನು ಇಷ್ಟು ಕಾಡಿದ್ದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ. ನನ್ನ ತಂದೆತಾಯಿಗಳು ಬಳ್ಳಾರಿ ಸೀಮೆಯಿಂದ ಮಂಡ್ಯದ ಕಡೆಗೆ ಕಬ್ಬು ಕಡಿಯಲು ಗುಳೆ ಹೋಗುತ್ತಿದ್ದರು. ಶಾಲೆಗೆ ಸೇರುವ ಮೊದಲು ನಾನೂ ಜೊತೆಗೆ ಹೋಗುತ್ತಿದ್ದೆ. ನಮ್ಮ ದೇಶದೊಳಗೆ ತಿರುಗಾಡಲು ರಹದಾರಿ ಬೇಕಿಲ್ಲ, ಆದ್ದರಿಂದ ಹೋಲಿಕೆ ಪೂರ್ತಿ ಸಲ್ಲದು. ಒಮ್ಮೆ ದಾರಿಯ ಒಂದು ಊರಿನಲ್ಲಿ ಲಾರಿ ನಿಂತಿತು. ಅವ್ವ ಕೊಡ ಹಿಡಿದು ನಲ್ಲಿಯ ಬಳಿ ಹೋದಳು. ಅಲ್ಲಿದ್ದ ಹೆಂಗಸರು ತಮ್ಮ ಕೊಡಗಳನ್ನು ಒಳಗೆ ಸಾಗಿಸಿ ಬಾಗಿಲು ಹಾಕಿಕೊಂಡರು. ನಾವು ಐದು ತಿಂಗಳು ಗುಡಿಸಲು ಹಾಕಿಕೊಂಡಿದ್ದ ಊರಿನಲ್ಲಿಯೂ ಮೊದಲ ವಾರ ಹೀಗೆಯೇ ನಡೆಯಿತಂತೆ. ಅಂಗಡಿಯ ಅಜ್ಜಿ ದುಡ್ಡು ಮೊದಲು ಎಣಿಸಿಕೊಂಡೇ ಉಪ್ಪು ಕೊಡುತ್ತಿದ್ದಳಂತೆ. ಸಂಕ್ರಾಂತಿಯ ಹೊತ್ತಿಗೆ ಅದೇ ಅಜ್ಜಿ ಗುಡಿಸಲಿಗೆ ಬಂದು ನನ್ನ ಕೈಗೆ ಎಳ್ಳುಬೆಲ್ಲ ಕೊಟ್ಟದ್ದು ನನಗೇ ನೆನಪಿದೆ. ಲಾರಿ ನಿಂತ ಊರಿನವರು ಮಾತ್ರ, ಕೇಳಿದರೆ, ನಮ್ಮನ್ನು ಇಂದಿಗೂ ಕಳ್ಳರೆಂದೇ ಹೇಳಿಯಾರು. ಅಲ್ಲಿ ನಾವು ನಿಂತದ್ದು ಅರ್ಧ ಗಂಟೆ.