ಪರ್ಮಿಷನ್ ಇದ್ದವರ ಲಗ್ನ

ನಾಯಕರು ತಾವೇ ಮಾಡಿದ ನಿಯಮವನ್ನು ತಾವೇ ಮುರಿದಾಗ ಜನಕ್ಕೆ ಸಿಟ್ಟು ಬರುತ್ತದೆ. ಆ ಸಿಟ್ಟನ್ನು ಹೊಟ್ಟೆಕಿಚ್ಚು ಎಂದು ಕರೆಯುವವರ ಬಗ್ಗೆ ನನ್ನ ತಕರಾರಿದೆ. ಇಂಥವರು ಧಾರವಾಡದ ಚಹಾದಂಗಡಿಗಳಲ್ಲಿ ಸಿಗುತ್ತಾರೆ, ನಮ್ಮ ಸೆಮಿನಾರುಗಳಲ್ಲಿ ಇನ್ನೂ ಹೆಚ್ಚು ಸಿಗುತ್ತಾರೆ. ಅವರ ವಾದ ಇಷ್ಟು: ಜನರೇನು ಸಾಚಾ ಅಲ್ಲ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ ಎಮ್ಮೆಲ್ಲೆ ಪಿಎಗೆ ಫೋನ್ ಹಚ್ಚುತ್ತಾರೆ, ರೇಷನ್ ಕಾರ್ಡಿಗೆ ಸುಳ್ಳು ಆದಾಯ ಬರೆಸುತ್ತಾರೆ, ಓಟಿಗೆ ರೊಕ್ಕ ಇಸಗೊಳ್ಳುತ್ತಾರೆ. ಅಂಥ ಜನ ಮಂತ್ರಿಯ ತಪ್ಪಿಗೆ ಬಾಯಿ ಮಾಡುವುದು ತಮಗೆ ಆ ಅವಕಾಶ ಸಿಗಲಿಲ್ಲವೆಂಬ ಸಂಕಟಕ್ಕೆ. "ಪ್ರಜಾ ಹೆಂಗೋ ರಾಜಾ ಹಂಗ" ಎಂದು ಕಪ್ಪು ಕೆಳಗಿಟ್ಟು ಏಳುತ್ತಾರೆ.

ಕೇಳಲು ಜಾಣ ಮಾತು. ಆದರೆ 2020 ಮತ್ತು 2021ರಲ್ಲಿ ಕುಂದಗೋಳ, ನವಲಗುಂದ, ಕಲಘಟಗಿ ಕಡೆಯ ಹಳ್ಳಿಗಳಲ್ಲಿ ನಾನು ಕಂಡದ್ದಕ್ಕೆ ಈ ಮಾತು ತಾಳೆಯಾಗುವುದಿಲ್ಲ.

ಮೊದಲು ನಡೆದದ್ದನ್ನು ನೆನೆಯೋಣ. 2020ರ ಮಾರ್ಚ್ 13ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಒಂದು ವಾರದ ಮಟ್ಟಿಗೆ ಮಾಲ್, ಸಿನಿಮಾ ಮಂದಿರ ಬಂದ್, ಮದುವೆಯಂಥ ಜನ ಸೇರುವ ಕಾರ್ಯಕ್ರಮ ಬೇಡ ಎಂದು ಪ್ರಕಟಿಸಿದರು. ದೇಶದ ಮೊದಲ ಕೋವಿಡ್ ಸಾವು ನಮ್ಮದೇ ಕಲಬುರಗಿಯಲ್ಲಿ ಆಗಿತ್ತು, ಹಾಗಾಗಿ ಯಾರೂ ಎದುರಾಡಲಿಲ್ಲ. ಎರಡು ದಿನ ಕಳೆಯಿತು. ಮಾರ್ಚ್ 15ರ ಭಾನುವಾರ ಅದೇ ಮುಖ್ಯಮಂತ್ರಿ ಬೆಳಗಾವಿಗೆ ಬಂದು, ತಮ್ಮ ಪಕ್ಷದ ವಿಧಾನ ಪರಿಷತ್ ಸದಸ್ಯ ಮಹಾಂತೇಶ ಕವಟಗಿಮಠ ಅವರ ಮಗಳ ಮದುವೆಯಲ್ಲಿ ಅಕ್ಕಿಕಾಳು ಹಾಕಿದರು. ಸಾವಿರಾರು ಮಂದಿ ಸೇರಿದ್ದ ಮದುವೆ ಅದು. ನಿಯಮ ಮಾಡಿದ ಬಾಯಿ ಆರುವ ಮುಂಚೆ ಎನ್ನುತ್ತಾರಲ್ಲ, ಹಾಗೆ.

ಮುಂದೆ ಯುಗಾದಿಯ ದಿನವೇ ದೇಶಕ್ಕೆಲ್ಲ ಲಾಕ್‌ಡೌನ್ ಬಿತ್ತು. ಏಪ್ರಿಲ್ 17ರಂದು, ಊರೂರಿಗೆ ಮುಳ್ಳುಕಂಟಿ ಹಚ್ಚಿ ದಾರಿ ಮುಚ್ಚಿದ ಹೊತ್ತಿನಲ್ಲಿ, ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ಮಗ ನಿಖಿಲ್ ಅವರ ಮದುವೆ ಬಿಡದಿ ಹತ್ತಿರದ ತೋಟದ ಮನೆಯಲ್ಲಿ ನಡೆಯಿತು. ಟೀವಿಯಲ್ಲಿ ನೋಡಿದವರಿಗೆ ನೆನಪಿರುತ್ತದೆ: ಮಾಸ್ಕು ಕಾಣಲಿಲ್ಲ, ಅಂತರ ಕಾಣಲಿಲ್ಲ. ಹೈಕೋರ್ಟ್ ಕೂಡ ಸರ್ಕಾರದಿಂದ ವಿವರಣೆ ಕೇಳಿತು. ಆದರೆ ಸರ್ಕಾರದ ಮುಖ್ಯಸ್ಥರು ಏನೆಂದರು? ಬೇಕಾದ ಪರ್ಮಿಷನ್ ಎಲ್ಲ ಕೊಡಲಾಗಿತ್ತು, ಸರಳವಾಗಿ ಮಾಡಿದ್ದಾರೆ, ಚರ್ಚೆ ಮಾಡುವ ಅಗತ್ಯವಿಲ್ಲ ಎಂಬರ್ಥದ ಮಾತಾಡಿ ಅಭಿನಂದನೆಯನ್ನೂ ಹೇಳಿದರು. ಒಂಬತ್ತು ತಿಂಗಳ ಹಿಂದೆ ಕುಮಾರಸ್ವಾಮಿಯವರ ಸರ್ಕಾರ ಉರುಳಿಸಿ ಕುರ್ಚಿಗೆ ಬಂದವರು ಇದೇ ಯಡಿಯೂರಪ್ಪ. ವಿಧಾನಸಭೆಯಲ್ಲಿ ಹಾವು ಮುಂಗುಸಿ. ಲಗ್ನದ ಹಂದರದಲ್ಲಿ ಬೀಗರು.

ಅದಾದ ಒಂಬತ್ತನೇ ದಿನ, ಏಪ್ರಿಲ್ 26, ಬಸವ ಜಯಂತಿ, ಅಕ್ಷಯ ತದಿಗೆ. ನಮ್ಮ ಕಡೆ ಆ ದಿನಕ್ಕೆ ಪಂಚಾಂಗ ನೋಡುವುದೂ ಇಲ್ಲ, ಲಗ್ನ ಹಿಡಿದುಬಿಡುತ್ತಾರೆ. ಕುಂದಗೋಳ ತಾಲ್ಲೂಕಿನ ಹಳ್ಳಿಯಲ್ಲಿರುವ ನಮ್ಮ ಸೋದರಮಾವನೂ ಮಗಳ ಲಗ್ನವನ್ನು ಅವತ್ತಿಗೇ ಹಿಡಿದಿದ್ದ. ಪರ್ಮಿಷನ್ ಚೀಟಿ ಬೇಕೆಂದು ಗೊತ್ತಾಗಿ ಬೈಕ್ ಹತ್ತಿ ಹೊರಟ. ಚೀಟಿ ಕೇಳಲು ಕಚೇರಿಗೆ ಹೋಗಬೇಕು, ಕಚೇರಿಗೆ ಹೋಗಲು ಚೀಟಿ ಬೇಕು. ಕ್ರಾಸಿನಲ್ಲಿ ನಿಂತಿದ್ದ ಪೊಲೀಸಪ್ಪ ಬೈಕಿನ ಕೀಲಿ ಕಿತ್ತುಕೊಂಡು ಮೊಣಕಾಲಿನ ಕೆಳಗೆ ಎರಡು ಬಾರಿಸಿದ. ಮಾವ ನಡೆದುಕೊಂಡು ಮನೆಗೆ ಬಂದ. ಲಗ್ನ ಮನೆಯ ಪಡಸಾಲೆಯಲ್ಲಿ ಆಯಿತು. ಹದಿನೈದು ಜನ ಇದ್ದೆವು. ಕಲಘಟಗಿ ಕಡೆಯ ಹಳ್ಳಿಯಲ್ಲಿದ್ದ ವರನ ಅಜ್ಜಿ ಫೋನಿನಲ್ಲೇ ಹರಸಿದಳು. ಯಾರೂ ಗೊಣಗಲಿಲ್ಲ. ಜಡ್ಡು ದೊಡ್ಡದು, ನಿಯಮ ಪಾಲಿಸಬೇಕು ಎಂದು ಮಾವನೇ ಎಲ್ಲರಿಗೂ ಹೇಳಿದ. ಕಾಲಿನ ಬಾಸುಂಡೆಯ ಬಗ್ಗೆಯೂ ಆತ ಹೆಚ್ಚು ಆಡಲಿಲ್ಲ. ಆದರೆ ಟೀವಿಯಲ್ಲಿ ಬಿಡದಿಯ ಮದುವೆ ತೋರಿಸಿದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದ.

ಇದು ಹೊಟ್ಟೆಕಿಚ್ಚೇ? ಆ ತೋಟದ ಮನೆಯಂಥ ಲಗ್ನ ತನ್ನ ಮಗಳಿಗೂ ಆಗಲಿ ಎಂದು ಮಾವ ಎಂದೂ ಬಯಸಿದವನಲ್ಲ. ಆತನನ್ನು ಚುಚ್ಚಿದ್ದು 'ಪರ್ಮಿಷನ್' ಎಂಬ ಒಂದು ಶಬ್ದ. ನಮ್ಮಂಥವರಿಗೆ ನಿಯಮ ಎಂದರೆ ಕ್ರಾಸಿನಲ್ಲಿ ನಿಂತ ಲಾಠಿ. ಅದರ ಜೊತೆ ಮಾತಿಲ್ಲ. ಅವರಿಗೆ ನಿಯಮ ಎಂದರೆ ಒಂದು ಅರ್ಜಿ. ಅರ್ಜಿಯ ಮೇಲೆ ಸಹಿ ಮಾಡುವವನೂ ಅವರ ಕೈಕೆಳಗಿನವನೇ. ಹಾಗಾಗಿ ಅವರು ನಿಯಮ ಮುರಿದರು ಎಂದು ಕಾಗದದ ಮೇಲೆ ಸಿದ್ಧ ಮಾಡುವುದೂ ಕಷ್ಟ. ಎಮ್ಮೆಲ್ಲೆ ಪಿಎಗೆ ಫೋನ್ ಹಚ್ಚುವ ರೈತನನ್ನೂ ಇವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಇದನ್ನು ಮರೆಯುತ್ತಾರೆ. ಆ ರೈತ ತಪ್ಪಾಯಿತೆಂದು ಒಪ್ಪಿಕೊಂಡೇ ಫೋನ್ ಹಚ್ಚುತ್ತಾನೆ, ಬಿಡಿಸಿದವನ ಋಣಕ್ಕೆ ಬೀಳುತ್ತಾನೆ, ಐದು ವರ್ಷಕ್ಕೊಮ್ಮೆ ಓಟಿನಲ್ಲಿ ಅದನ್ನು ತೀರಿಸುತ್ತಾನೆ. ಅಲ್ಲದೆ ಆ ನಿಯಮ ಬರೆದವನು ಅವನಲ್ಲ. ಬರೆದವನು ಮುರಿದರೆ ಯಾರ ಋಣಕ್ಕೆ ಬೀಳುತ್ತಾನೆ?

ಇದಕ್ಕೊಂದು ಹಳೆಯ ಬೇರಿದೆ. ಆಗ ನಮ್ಮನ್ನು ಆಳಿದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬೈ ಪ್ಲೇಗಿನ ಕಾಲದಲ್ಲಿ ಬ್ರಿಟಿಷರು ಮಾಡಿದ್ದು. ಅಂದು ಧಾರವಾಡವೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಮೂಲದಲ್ಲಿ ನಾಲ್ಕೇ ಸೆಕ್ಷನ್ನುಗಳ ಚಿಕ್ಕ ಕಾಯ್ದೆ. ಒಂದು ಸೆಕ್ಷನ್ ಆದೇಶ ಮೀರಿದವರಿಗೆ ಶಿಕ್ಷೆ ಹೇಳುತ್ತದೆ. ಕೊನೆಯದು, ಈ ಕಾಯ್ದೆಯಡಿ ಸದುದ್ದೇಶದಿಂದ ಏನು ಮಾಡಿದರೂ ಯಾರ ಮೇಲೂ ದಾವೆ ಹೂಡುವಂತಿಲ್ಲ ಎನ್ನುತ್ತದೆ. ಆಳುವವರು ಒಂದು ಕಡೆ, ಆಳಿಸಿಕೊಳ್ಳುವವರು ಇನ್ನೊಂದು ಕಡೆ ಎಂದು ಗೆರೆ ಕೊರೆದಿಟ್ಟ ಕಾಯ್ದೆ. ಸ್ವಾತಂತ್ರ್ಯ ಬಂದು 70 ವರ್ಷ ದಾಟಿದರೂ ರೋಗ ಬಂದಾಗ ನಾವು ಮೊದಲು ಕೈಹಾಕಿದ್ದು ಇದಕ್ಕೇ.

ಹಾಗೆಂದು ನಮ್ಮ ಜನ ನಿಯಮದ ಇನ್ನೊಂದು ತುದಿಯನ್ನು ಎಂದೂ ಹಿಡಿದು ಜಗ್ಗಿಲ್ಲ ಎಂದುಕೊಳ್ಳಬೇಡಿ. ಮಲಪ್ರಭೆಗೆ ಸವದತ್ತಿ ಹತ್ತಿರ ಅಣೆಕಟ್ಟು ಕಟ್ಟಿದ ಮೇಲೆ, ನೀರಾವರಿಯಿಂದ ನಿಮ್ಮ ಭೂಮಿಯ ಬೆಲೆ ಏರುತ್ತದೆ, ಅದರಲ್ಲಿ ಪಾಲು ಕೊಡಿ ಎಂದು ಸರ್ಕಾರ ರೈತರ ಮೇಲೆ ಬೆಟರ್‌ಮೆಂಟ್ ಲೆವಿ ಹಾಕಿತು. ಎಷ್ಟೋ ಹೊಲಗಳಿಗೆ ನೀರು ಬರಲಿಲ್ಲ, ನೋಟಿಸು ಬಂತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಬೀದಿಗಿಳಿದರು. ಗೋಲಿಬಾರಿನಲ್ಲಿ ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ತೀರಿಕೊಂಡರು. ನರಗುಂದದಲ್ಲಿ ಪೊಲೀಸರೂ ಜೀವ ಕಳೆದುಕೊಂಡರು. ಆ ಸಾವುಗಳನ್ನು ನಾನು ಸಮರ್ಥಿಸುವವನಲ್ಲ. ಆದರೆ ಸಿಟ್ಟಿನ ತಿರುಳೇನಿತ್ತು ನೋಡಿ. ಕರವೇ ಬೇಡ ಎಂಬುದಷ್ಟೇ ಆಗಿರಲಿಲ್ಲ. ನೀರು ಕೊಟ್ಟರೆ ಕರ ಎಂಬುದು ನೀವೇ ಹೇಳಿದ ಕರಾರು, ಆ ಕರಾರನ್ನು ಮೊದಲು ಮುರಿದವರು ನೀವು ಎಂಬುದು ಅದರ ತಿರುಳು. ಆ ಸಿಟ್ಟಿನಿಂದ ರಾಜ್ಯಕ್ಕೆಲ್ಲ ರೈತ ಚಳವಳಿ ಹಬ್ಬಿತು, 1983ರಲ್ಲಿ ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬರಲು ಅದೂ ಒಂದು ಕಾರಣವಾಯಿತು. ಇದನ್ನು ಹೊಟ್ಟೆಕಿಚ್ಚು ಎನ್ನಲು ಯಾರಿಗೆ ಧೈರ್ಯವಿದೆ?

ಮತ್ತೆ 2021ಕ್ಕೆ ಬರುತ್ತೇನೆ, ಏಕೆಂದರೆ ನನ್ನ ಮುಖ್ಯ ತಕರಾರು ಇರುವುದು ಅಲ್ಲಿ. ಆ ಜನವರಿ 17ರಂದು ಬೆಳಗಾವಿಯಲ್ಲಿ ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರ ಜನಸೇವಕ ಸಮಾವೇಶ. ಮಾಸ್ಕು, ಅಂತರದ ನಿಯಮ ಗಾಳಿಗೆ ಹೋಯಿತು. ಎಫ್‌ಐಆರ್ ಏಕೆ ಹಾಕಲಿಲ್ಲ ಎಂದು ಹೈಕೋರ್ಟ್ ಮುಂದೆ ಪೊಲೀಸರನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಏಪ್ರಿಲ್‌ನಲ್ಲಿ ಬೆಳಗಾವಿ ಲೋಕಸಭೆಯ ಉಪಚುನಾವಣೆ. ಆ ಚುನಾವಣೆ ಬಂದದ್ದೇ ಕೇಂದ್ರ ಸಚಿವರಾಗಿದ್ದ ಸುರೇಶ ಅಂಗಡಿಯವರು ಕೋವಿಡ್‌ನಿಂದ ತೀರಿಕೊಂಡದ್ದಕ್ಕೆ. ಏಪ್ರಿಲ್ 10ರಿಂದ ಸರ್ಕಾರ ಕೆಲವು ಊರುಗಳಲ್ಲಿ ರಾತ್ರಿ ಕರ್ಫ್ಯೂ ಹಾಕಿತು. ಪಟ್ಟಿಯಲ್ಲಿ ಬೀದರ್ ಇತ್ತು, ತುಮಕೂರು ಇತ್ತು, ಬೆಳಗಾವಿ ಇರಲಿಲ್ಲ. ಪ್ರಚಾರ ಮುಗಿಸಿದ ಮುಖ್ಯಮಂತ್ರಿಗೆ ಮತದಾನದ ಹಿಂದಿನ ದಿನ ಎರಡನೇ ಸಲ ಸೋಂಕು ದೃಢಪಟ್ಟಿತು. ಏಪ್ರಿಲ್ 17ಕ್ಕೆ ಮತದಾನ. 27ರ ರಾತ್ರಿಯಿಂದ ರಾಜ್ಯವೆಲ್ಲ ಬಂದ್.

ನಮ್ಮ ಹಳ್ಳಿಯ ಜನ ಈ ಲೆಕ್ಕವನ್ನು ಪತ್ರಿಕೆಯವರಿಗಿಂತ ಮೊದಲೇ ಹಾಕಿದ್ದರು. "ಎಲೆಕ್ಷನ್ ಇದ್ದ ಊರಿಗೆ ಕೊರೊನಾ ಹೋಗಂಗಿಲ್ಲೋ ಏನೋ" ಎಂದು ಕಟ್ಟೆಯ ಮೇಲೆ ನಗುತ್ತಿದ್ದರು. ನಗೆ ಅಲ್ಲಿಗೇ ನಿಲ್ಲಲಿಲ್ಲ. ಮೊದಲ ವರ್ಷ ಎಲ್ಲರಿಗೂ ನಿಯಮ ಹೇಳಿದ್ದ ನಮ್ಮ ಮಾವ ಮೇ ತಿಂಗಳಲ್ಲಿ ಜ್ವರದಿಂದ ಮಲಗಿದ. ಟೆಸ್ಟ್ ಮಾಡಿಸು ಮಾವ ಎಂದು ನಾನು ಫೋನಿನಲ್ಲಿ ಅಂಗಲಾಚಿದೆ. ಅವನು ಹೇಳಿದ್ದು: "ಬೆಳಗಾವ್ಯಾಗ ಸಾವಿರಗಟ್ಟಲೆ ಮಂದಿ ಕೂಡಿಸಿದಾಗ ಬರಲಾರದ ಜಡ್ಡು ನನ್ನ ಹುಡುಕ್ಕೊಂಡು ಬರ್ತೈತೇನೋ ತಮ್ಮಾ? ಅದೆಲ್ಲಾ ನಮ್ಮನ್ನ ಮನ್ಯಾಗ ಕುಂಡ್ರಸಾಕ ಮಾಡಿದ್ದು." ಆರನೇ ದಿನಕ್ಕೆ ಉಸಿರು ಹತ್ತಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಮಣ್ಣಿಗೆ ಹೋಗಲೂ ನನಗಾಗಲಿಲ್ಲ.

ಮಾವನ ಸಾವಿಗೆ ಇಂಥವರೇ ಹೊಣೆ ಎಂದು ನಾನು ಬರೆಯುತ್ತಿಲ್ಲ. ಅಷ್ಟು ಸರಳ ಗಣಿತ ಅದಲ್ಲ. ಆದರೆ ನಾಯಕ ನಿಯಮ ಮುರಿದರೆ ಹೋಗುವುದು ಅವನ ಮರ್ಯಾದೆ ಮಾತ್ರ ಎಂದು ನಾವು ತಿಳಿದಿದ್ದೇವೆ. ಹಳ್ಳಿಯಲ್ಲಿ ಆದದ್ದು ಬೇರೆ. ಅಪಾಯವಿದೆ ಎಂದು ಹೇಳಿದವನೇ ಅಪಾಯಕ್ಕೆ ಅಂಜದೆ ಓಡಾಡಿದರೆ, ಅಪಾಯವೇ ಸುಳ್ಳು ಎಂದು ಜನ ಓದಿಕೊಳ್ಳುತ್ತಾರೆ. ಆಶಾ ಕಾರ್ಯಕರ್ತೆ ಮನೆಮನೆ ತಿರುಗಿ ಹೇಳಿದ್ದೂ ಅದರ ಜೊತೆಗೇ ಸುಳ್ಳಾಗುತ್ತದೆ. ಆಕೆಯ ಮಾತಿಗೆ ಬೆಲೆ ತಂದುಕೊಡಲು ಎಷ್ಟು ವರ್ಷ ಬೇಕೋ.

ಬೆಳಗಾವಿಯಲ್ಲಿ ಪ್ರಚಾರದ ಮೈಕುಗಳು ಕೂಗುತ್ತಿದ್ದ ಅದೇ 2021ರ ಏಪ್ರಿಲ್‌ನಲ್ಲಿ ನಾರ್ವೆಯ ಪೊಲೀಸರು ತಮ್ಮ ಪ್ರಧಾನಿ ಎರ್ನಾ ಸೋಲ್ಬರ್ಗ್ ಅವರಿಗೆ 20,000 ಕ್ರೋನರ್ ದಂಡ ಹಾಕಿದರು. ಆಕೆಯ 60ನೇ ಹುಟ್ಟುಹಬ್ಬಕ್ಕೆ ಹತ್ತು ಜನರ ಮಿತಿ ಮೀರಿ ಮನೆಯವರು ಸೇರಿದ್ದರು, ಅಷ್ಟೇ. ಇಂಥ ಪ್ರಕರಣಗಳಲ್ಲಿ ಬೇರೆಯವರಿಗಾದರೆ ಬಹುಶಃ ದಂಡ ಹಾಕುತ್ತಿರಲಿಲ್ಲ, ಆದರೆ ಈ ನಿಯಮಗಳ ಮುಖವೇ ಆಕೆ, ಜನರ ನಂಬಿಕೆ ಉಳಿಯಬೇಕು ಎಂಬುದು ಪೊಲೀಸರ ವಿವರಣೆಯಾಗಿತ್ತು. ನಮ್ಮಲ್ಲಿ ಇದು ಪೂರ್ತಿ ತಿರುಗುಮುರುಗು: ಬೇರೆಯವರಿಗಾದರೆ ಹಾಕುತ್ತಿದ್ದೆವು, ಇವರು ದೊಡ್ಡವರು ಎಂದು ಬಿಟ್ಟೆವು. ಬ್ರಿಟನ್ನಿನ ಬೋರಿಸ್ ಜಾನ್ಸನ್ ಕೂಡ 2022ರಲ್ಲಿ ಲಾಕ್‌ಡೌನ್ ಕಾಲದ ಕೂಟಕ್ಕೆ ದಂಡ ಕಟ್ಟಿದರು, ಕೆಲವು ತಿಂಗಳಲ್ಲಿ ಕುರ್ಚಿಯನ್ನೂ ಬಿಟ್ಟರು. ಅದೊಂದೇ ಕಾರಣವಲ್ಲ, ಆದರೆ ಅದೂ ಕಾರಣ.

ಇಷ್ಟು ಓದಿದ ಕಾಂಗ್ರೆಸ್ಸಿನ ಗೆಳೆಯರು ಒಳಗೊಳಗೇ ಹಿಗ್ಗುತ್ತಿರಬಹುದು. 2022ರ ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ ಇದ್ದಾಗಲೇ ಮೇಕೆದಾಟು ಪಾದಯಾತ್ರೆ ಹೊರಟವರು ಯಾರು? ಪರ್ಮಿಷನ್ ಇದೆಯೇ ಎಂದು ಹೈಕೋರ್ಟ್ ಕೇಳಿದ ಮೇಲೆ ರಾಮನಗರದಲ್ಲಿ ನಿಲ್ಲಿಸಿದರು. ಅವರು ಬಹುಕಾಲ ನಾಡನ್ನಾಳಿದ ಪಕ್ಷ, ಆಗ ವಿರೋಧದಲ್ಲಿದ್ದರು ಎಂಬುದು ನೆಪವಾಗದು. ನಮ್ಮ ಸಿಟ್ಟಿನ ಸೋಲು ಇರುವುದೂ ಇಲ್ಲೇ. 1980ರಲ್ಲಿ ನೀರು ಬಾರದ ಹೊಲದವರು ಯಾವ ಪಕ್ಷದವರಾದರೂ ಒಟ್ಟಿಗೆ ನಿಂತರು. ಈಗ ಬೆಳಗಾವಿಯ ಮದುವೆಗೆ ಸಿಟ್ಟಾದವನು ಪಾದಯಾತ್ರೆಗೆ ಸುಮ್ಮನಿರುತ್ತಾನೆ, ಪಾದಯಾತ್ರೆಗೆ ಸಿಟ್ಟಾದವನು ಸಮಾವೇಶಕ್ಕೆ ಬಸ್ಸು ಹತ್ತುತ್ತಾನೆ. ಉಳಿದವರು ವಾಟ್ಸಾಪ್ ಸ್ಟೇಟಸ್ ಹಾಕಿ 24 ತಾಸಿನಲ್ಲಿ ಸಿಟ್ಟನ್ನು ಅಳಿಸಿಕೊಳ್ಳುತ್ತಾರೆ. 2025ರ ಆಗಸ್ಟ್‌ನಲ್ಲಿ ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೆಬ್ಬಾಳದ ಹೊಸ ಮೇಲ್ಸೇತುವೆಯಲ್ಲಿ ಓಡಿಸಿದ, ಬೇರೊಬ್ಬರ ಸ್ಕೂಟರಿನ ಮೇಲೆ 18,500 ರೂಪಾಯಿ ದಂಡ ಬಾಕಿ ಇತ್ತೆಂದು ಬಯಲಾದಾಗಲೂ ಎರಡು ದಿನ ನಕ್ಕು ಮರೆತೆವು.

ಕ್ಷಮೆ ಕೇಳಲಿ ಎಂದು ನಾನು ಕೇಳುವುದಿಲ್ಲ. ಕೇಳಿದರೂ ಅದನ್ನು ಪಿಎ ಬರೆದುಕೊಟ್ಟಿರುತ್ತಾನೆ. ನನ್ನ ಬೇಡಿಕೆ ಸಣ್ಣದು, ತಾಲ್ಲೂಕು ಕಚೇರಿಯ ಗೋಡೆಯಷ್ಟು. ಜನರ ಓಡಾಟ, ಲಗ್ನ, ಸಭೆಗಳನ್ನು ತಡೆಯುವ ಆದೇಶ ಹೊರಟಾಗಲೆಲ್ಲ, ಆ ಆದೇಶದಿಂದ ಯಾರಿಗೆ ವಿನಾಯಿತಿ ಕೊಟ್ಟಿರಿ, ಎಷ್ಟು ಜನಕ್ಕೆ, ಯಾವ ಕಾರಣಕ್ಕೆ, ಸಹಿ ಮಾಡಿದ ಅಧಿಕಾರಿ ಯಾರು ಎಂಬುದನ್ನು ಅವತ್ತೇ ನೋಟಿಸ್ ಬೋರ್ಡಿಗೆ ಹಚ್ಚಬೇಕು. ನಿರಾಕರಿಸಿದ ಅರ್ಜಿಗಳ ಪಟ್ಟಿಯೂ ಅದರ ಪಕ್ಕದಲ್ಲೇ ಇರಬೇಕು. ಪ್ರತಿ ವರ್ಷ ಜುಲೈ 21ಕ್ಕೆ ಎಲ್ಲ ಪಕ್ಷದವರೂ ನವಲಗುಂದಕ್ಕೆ ಬಂದು ಹುತಾತ್ಮ ರೈತನಿಗೆ ಮಾಲೆ ಹಾಕಿ ಮೈಕು ಹಿಡಿಯುತ್ತಾರೆ. ಮುಂದಿನ ಸಲ ಬಂದಾಗ, ಭಾಷಣ ಶುರುವಾಗುವ ಮೊದಲು, ಕೆಳಗೆ ಕೂತವರಲ್ಲಿ ಒಬ್ಬರಾದರೂ ಎದ್ದು ಆ ಪಟ್ಟಿಯನ್ನು ಕೇಳಬೇಕು.