ಸತ್ಯಂ: ಕಳೆದುಕೊಂಡವರ ಲೆಕ್ಕ ಇನ್ನೂ ಬಾಕಿ

2009ರ ಜನವರಿ 7ರಂದು ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ಬಿ. ರಾಮಲಿಂಗರಾಜು ಅವರ ಪತ್ರ ಷೇರುಪೇಟೆಗೆ ತಲುಪಿತು. ಕಂಪನಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಬರೀ ಕಾಗದದ ಮೇಲಿನ ಹಣ ಎಂಬುದು ಅಂದು ಬಯಲಾಯಿತು. ಹಿಂದಿನ ಸಂಜೆ 179 ರೂಪಾಯಿಯಲ್ಲಿದ್ದ ಷೇರು ಅಂದು ಮುಕ್ತಾಯ ಕಂಡದ್ದು 40ರ ಆಸುಪಾಸಿನಲ್ಲಿ. ಮುಂದಿನದು ಗೊತ್ತಿರುವ ಕಥೆ. ಸರ್ಕಾರ ಹೊಸ ಆಡಳಿತ ಮಂಡಳಿ ನೇಮಿಸಿತು, ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರ ಹರಾಜು ಗೆದ್ದಿತು, 2015ರಲ್ಲಿ ಹೈದರಾಬಾದಿನ ನ್ಯಾಯಾಲಯ ರಾಜು ಅವರಿಗೆ 7 ವರ್ಷ ಜೈಲು ವಿಧಿಸಿತು. ಕಂಪನಿ ಉಳಿದದ್ದು ದೊಡ್ಡ ಸಾಧನೆಯೇ. ಷೇರುದಾರನ ಕೈಬಿಟ್ಟದ್ದೂ ಅಷ್ಟೇ ದೊಡ್ಡ ಲೋಪ.

ನಷ್ಟದ ಲೆಕ್ಕ ಸುಲಭದ್ದಲ್ಲ, ನಿಜ. 2008ರಲ್ಲಿ 400 ರೂಪಾಯಿಯಂತೆ 100 ಷೇರು ಕೊಂಡವರೊಬ್ಬರನ್ನು ಊಹಿಸಿಕೊಳ್ಳಿ. ಜನವರಿ 7ಕ್ಕೆ ಅವರ 40 ಸಾವಿರ 4 ಸಾವಿರಕ್ಕೆ ಇಳಿಯಿತು. ಆದರೆ ಲೇಮನ್ ಬ್ರದರ್ಸ್ ಮುಳುಗಿದ ಆ ವರ್ಷ ಇಡೀ ಪೇಟೆಯೇ ನೆಲಕಚ್ಚಿತ್ತು. ಆ ಕುಸಿತವನ್ನೂ ವಂಚಕರ ತಲೆಗೆ ಕಟ್ಟಬಹುದೇ? ಹಿಂದಿನ ಸಂಜೆಯ 179ನ್ನು ಹಿಡಿದು ಲೆಕ್ಕ ಹಾಕೋಣವೆಂದರೆ, ಆ ಬೆಲೆಯೇ ಸುಳ್ಳಿನ ಮೇಲೆ ನಿಂತದ್ದು.

ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ 1996ರಲ್ಲಿ ಇಂಥದೇ ಗಂಟನ್ನು ಬಿಚ್ಚಿತ್ತು. ಸ್ಮಿತ್ ನ್ಯೂ ಕೋರ್ಟ್ ಎಂಬ ಸಂಸ್ಥೆ 1989ರ ಜುಲೈನಲ್ಲಿ ಫೆರಾಂಟಿ ಕಂಪನಿಯ 2.8 ಕೋಟಿ ಷೇರುಗಳನ್ನು 82¼ ಪೆನ್ಸ್‌ನಂತೆ ಕೊಂಡಿತು. ಬೇರೆಯವರೂ ಬಿಡ್ ಮಾಡಿದ್ದಾರೆಂಬ ಸುಳ್ಳು ನಂಬಿ ಕೊಂಡದ್ದು. ಅಂದಿನ ಪೇಟೆ ಬೆಲೆ 78 ಪೆನ್ಸ್. ಅಷ್ಟರಲ್ಲಿ ಫೆರಾಂಟಿಯೇ ಮತ್ತೊಬ್ಬನ ಮೋಸಕ್ಕೆ ಸಿಕ್ಕಿದ್ದ ಸಂಗತಿ ಹೊರಬಿತ್ತು, ಷೇರು ಪಾತಾಳ ಸೇರಿತು. ಸ್ಮಿತ್‌ನವರು ನಿಧಾನವಾಗಿ 49ರಿಂದ 30 ಪೆನ್ಸ್‌ವರೆಗಿನ ಬೆಲೆಗೆ ಮಾರಿಕೊಂಡರು. ಮೇಲ್ಮನವಿ ನ್ಯಾಯಾಲಯ ಕೊಂಡ ದಿನದ ವ್ಯತ್ಯಾಸವಷ್ಟೇ ಸಾಕೆಂದು ಸುಮಾರು 12 ಲಕ್ಷ ಪೌಂಡ್ ಕೊಡಿಸಿತ್ತು. ಲಾರ್ಡ್ಸ್ ಅದನ್ನು ತಳ್ಳಿಹಾಕಿ 1 ಕೋಟಿ 7 ಲಕ್ಷಕ್ಕೂ ಹೆಚ್ಚು ಕೊಡಿಸಿತು. ಮೋಸದಿಂದ ಆ ಆಸ್ತಿಗೆ ಕಟ್ಟಿಬಿದ್ದವನಿಗೆ ಆಮೇಲಿನ ಕುಸಿತವೂ ಮೋಸದ ಫಲವೇ ಎಂಬುದು ತೀರ್ಪಿನ ಸಾರ. ಆದರೆ ಮೋಸ ತಿಳಿದ ಮೇಲೆ ನಷ್ಟ ತಗ್ಗಿಸಲು ತಕ್ಕ ಪ್ರಯತ್ನ ಮಾಡಬೇಕು.

ತಕ್ಕ ಪ್ರಯತ್ನ ಎಂದರೆ ಯಾವುದು? ಸತ್ಯಂ ಷೇರನ್ನು ಅಂದೇ 40ಕ್ಕೆ ಮಾರಿದವರಿದ್ದರು. ಕಾದು ಕೂತವರ ಕಣ್ಣೆದುರೇ ಟೆಕ್ ಮಹೀಂದ್ರ ಷೇರಿಗೆ 58 ರೂಪಾಯಿ ಕೊಟ್ಟಿತು. ಹಾಗೆಂದು ಮೊದಲಿನವರನ್ನು ಅವಸರಗೇಡಿಗಳೆನ್ನುವುದು ಅನ್ಯಾಯ. ಸಂಬಳಕ್ಕೆ ದುಡ್ಡಿದೆಯೋ ಇಲ್ಲವೋ ಎಂಬ ಕಂಪನಿಯ ಷೇರನ್ನು ಬಂದಷ್ಟಕ್ಕೆ ಬಿಟ್ಟವನನ್ನು ಅಂದಿನ ತಿಳಿವಳಿಕೆಯಿಂದ ಅಳೆಯಬೇಕೇ ಹೊರತು ಏಪ್ರಿಲ್‌ನ ಬುದ್ಧಿಯಿಂದಲ್ಲ.

ಈ ವಾದಗಳೆಲ್ಲ ನಡೆಯಲು ಒಂದು ಕಟಕಟೆ ಬೇಕಿತ್ತು. ಅಮೆರಿಕದ ಪೇಟೆಯಲ್ಲಿ ಸತ್ಯಂನ ಡಿಪಾಸಿಟರಿ ಷೇರು ಕೊಂಡವರಿಗೆ ಅದಿತ್ತು. ಅವರ ಸಾಮೂಹಿಕ ದಾವೆಯಲ್ಲಿ 2011ರಲ್ಲಿ ಸತ್ಯಂ 12.5 ಕೋಟಿ ಡಾಲರ್‌ಗೆ, ಲೆಕ್ಕಪರಿಶೋಧಕ ಪ್ರೈಸ್‌ವಾಟರ್‌ಹೌಸ್ 2.55 ಕೋಟಿ ಡಾಲರ್‌ಗೆ ರಾಜಿಯಾದವು. ಸತ್ಯಂ ಕೊಟ್ಟದ್ದು ಕಂಪನಿಯ ಹಣ. ಅದರಲ್ಲಿ ಇಲ್ಲಿನ ಷೇರುದಾರನ ಪಾಲೂ ಇತ್ತು. ಮೋಸ ಹೋದವನೇ ಮೋಸ ಹೋದ ಇನ್ನೊಬ್ಬನಿಗೆ ಪರಿಹಾರ ತೆತ್ತಂತಾಯಿತು! ಇತ್ತ ಭಾರತದ ಹೂಡಿಕೆದಾರರ ಸಂಘವೊಂದರ ಅರ್ಜಿಯನ್ನು ರಾಷ್ಟ್ರೀಯ ಗ್ರಾಹಕ ಆಯೋಗ ಕೈಗೆತ್ತಿಕೊಳ್ಳಲಿಲ್ಲ, ಸುಪ್ರೀಂ ಕೋರ್ಟಿನಲ್ಲೂ ಪುರಸ್ಕಾರ ಸಿಗಲಿಲ್ಲ. ಕಂಪನಿ ಕಾಯ್ದೆಯ 245ನೇ ಕಲಂ ಸಾಮೂಹಿಕ ದಾವೆಗೆ ದಾರಿ ತೆರೆದದ್ದು 2013ರಲ್ಲಿ, ಜಾರಿಗೆ ಬಂದದ್ದು 2016ರಲ್ಲಿ: ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು.

2014ರಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ, ರಾಜು ಮತ್ತಿತರರಿಂದ 1,849 ಕೋಟಿ ರೂಪಾಯಿಯನ್ನು ಬಡ್ಡಿ ಸಹಿತ ವಾಪಸು ಕೇಳಿತು. ಮೇಲ್ಮನವಿಗಳ ನಂತರ ಮೊತ್ತ ಬದಲಾಯಿತು. ಆದರೆ ಆ ಲೆಕ್ಕ ತಪ್ಪಿತಸ್ಥರು ಗಳಿಸಿದ್ದೆಷ್ಟು ಎಂಬುದರದ್ದು, ಹೂಡಿಕೆದಾರ ಕಳೆದುಕೊಂಡದ್ದೆಷ್ಟು ಎಂಬುದರದ್ದಲ್ಲ. ವಂಚನೆಯ ಪ್ರಕರಣಗಳಲ್ಲಿ ಇನ್ನುಮುಂದಾದರೂ ಸೆಬಿ ಒಂದೇ ಆದೇಶದಲ್ಲಿ ಎರಡೂ ಲೆಕ್ಕ ಬರೆಯಲಿ. ವಸೂಲಾದ ಹಣ ಯಾರಿಗೆ, ಯಾವ ದಿನದ ಬೆಲೆಯ ಆಧಾರದ ಮೇಲೆ, ಎಷ್ಟು ಹೋಗುತ್ತದೆ ಎಂಬುದನ್ನೂ ಅದರಲ್ಲೇ ಹೇಳಲಿ.