ಗಾಲಿಯ ಮೇಲಿನ ಗೃಹಸ್ಥರು

ಅಮೆರಿಕದಲ್ಲಿ ಮಗನ ಮನೆಯಲ್ಲಿ ಆರು ತಿಂಗಳಿದ್ದು ಬಂದ ಹಿರಿಯ ಮಿತ್ರರೊಬ್ಬರು ಈಚೆಗೆ ನಮ್ಮ ಬಡಾವಣೆಯ ಸಾಹಿತ್ಯ ಸಂಘದಲ್ಲಿ ಭಾಷಣ ಮಾಡಿದರು. ಅರಿಜೋನದ ಮರುಭೂಮಿಯಲ್ಲಿ ತಾವು ಕಂಡ ವೃದ್ಧ ದಂಪತಿಗಳ ವಿಷಯ ಹೇಳಿದರು. ಕೆಲಸದಿಂದ ನಿವೃತ್ತರಾದ ಮೇಲೆ ಇದ್ದ ಮನೆಯನ್ನು ಮಾರಿ, ಒಂದು ಮೋಟಾರ್‌ಹೋಮ್ ಕೊಂಡು, ಅದರಲ್ಲೇ ಅಡಿಗೆ, ಅದರಲ್ಲೇ ನಿದ್ರೆ, ಅದರಲ್ಲೇ ಊರೂರು ಸಂಚಾರ ಮಾಡುವ ಜನ. "ನಾವು ಶಾಸ್ತ್ರದಲ್ಲಿ ಬರೆದಿಟ್ಟು ಮರೆತ ವಾನಪ್ರಸ್ಥವನ್ನು ಅವರು ಬದುಕಿ ತೋರಿಸುತ್ತಿದ್ದಾರೆ" ಎಂದು ಮಿತ್ರರು ಮಾತು ಮುಗಿಸಿದಾಗ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಸಭ್ಯತೆಗಾಗಿ ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ ಆ ಚಪ್ಪಾಳೆ ನನ್ನನ್ನು ಕಾಡಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿ ಈ ಲೇಖನ.

ಈ ಹೋಲಿಕೆ ನಮ್ಮ ಮಿತ್ರರೊಬ್ಬರದೇ ಅಲ್ಲ. ಮಕ್ಕಳನ್ನು ಕಡಲಾಚೆಗೆ ಕಳಿಸಿರುವ ನಮ್ಮ ಮನೆಗಳಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೇನೆ. ಇದರ ಜೊತೆಗೇ ಇನ್ನೊಂದು ಮಾತೂ ಕೇಳಿಬರುತ್ತದೆ: "ಪಾಪ, ಆ ದೇಶದಲ್ಲಿ ಮಕ್ಕಳು ನೋಡಿಕೊಳ್ಳುವುದಿಲ್ಲ, ಅದಕ್ಕೇ ಬಂಡಿಯಲ್ಲಿ ಅಲೆಯುತ್ತಾರೆ." ಒಂದು ಹೊಗಳಿಕೆ, ಇನ್ನೊಂದು ಮರುಕ. ಎರಡರಲ್ಲಿಯೂ ಸಮಾನವಾದ ದೋಷವೊಂದಿದೆ: ಹೀಗೆ ಹೇಳುವವರು ಆ ಬಂಡಿಯ ಒಳಗೆ ಕಾಲಿಟ್ಟು ಅಲ್ಲಿ ದಿನ ಹೇಗೆ ಕಳೆಯುತ್ತದೆಂದು ವಿಚಾರಿಸಿದವರಲ್ಲ.

ಹೇಗೆ ಕಳೆಯುತ್ತದೆ? ನೀರಿನಿಂದ ಆರಂಭಿಸೋಣ. ಮೋಟಾರ್‌ಹೋಮಿನಲ್ಲಿ ಸಾಮಾನ್ಯವಾಗಿ ಮೂರು ತೊಟ್ಟಿಗಳಿರುತ್ತವೆ. ಒಂದು ಶುದ್ಧ ನೀರಿಗೆ, ಒಂದು ಸ್ನಾನದ ಮತ್ತು ಪಾತ್ರೆ ತೊಳೆದ ನೀರಿಗೆ, ಇನ್ನೊಂದು ಪಾಯಖಾನೆಗೆ. ಶುದ್ಧ ನೀರಿನ ತೊಟ್ಟಿ 40 ಗ್ಯಾಲನ್ನಿನದಾದರೆ ಸುಮಾರು 150 ಲೀಟರಾಯಿತು. ತುಂಬಿದಾಗ 150 ಕಿಲೋ ಭಾರ. ಇಬ್ಬರ ಸ್ನಾನ, ಪಾನ, ಅಡಿಗೆ, ಪಾತ್ರೆ ಎಲ್ಲವೂ ಅದರಲ್ಲೇ ನಡೆಯಬೇಕು. ನಲ್ಲಿಯ ಸಂಪರ್ಕವಿಲ್ಲದ ಬಯಲಿನಲ್ಲಿ ನಿಂತಾಗ ಮೈ ನೆನೆಸಿ, ನೀರು ನಿಲ್ಲಿಸಿ, ಸಾಬೂನು ಹಚ್ಚಿ, ಮತ್ತೆ ನೀರು ಬಿಟ್ಟು ತೊಳೆದುಕೊಳ್ಳುವುದೇ ಸ್ನಾನ. ಕೊಳೆಯ ತೊಟ್ಟಿಗಳು ತುಂಬಿದವೆಂದರೆ ಅವನ್ನು ಖಾಲಿಮಾಡಲು ಅದಕ್ಕಾಗಿಯೇ ಇರುವ ಸ್ಥಳಕ್ಕೆ ಗಾಡಿಯನ್ನು ಒಯ್ಯಬೇಕು. ಕೈಚೀಲ ತೊಟ್ಟು, ದಪ್ಪ ಕೊಳವೆಯನ್ನು ಜೋಡಿಸಿ, ಮೊದಲು ಪಾಯಖಾನೆಯ ತೊಟ್ಟಿ, ಆಮೇಲೆ ಸ್ನಾನದ ನೀರಿನ ತೊಟ್ಟಿ. ಎರಡನೆಯದರ ನೀರು ಕೊಳವೆಯನ್ನು ತೊಳೆಯಲಿ ಎಂಬುದು ಈ ಕ್ರಮದ ಉದ್ದೇಶ. ಎಪ್ಪತ್ತು ವರ್ಷದ ನಿವೃತ್ತ ಅಧಿಕಾರಿ ಹೀಗೆ ಮಂಡಿಯೂರಿ ಕುಳಿತಿರುವುದನ್ನು ನಮ್ಮ ಮಿತ್ರರು ಕಂಡಿದ್ದರೆ, ಅವರ ಭಾಷಣದ ಕೊನೆಯ ವಾಕ್ಯ ಬೇರೆಯಾಗುತ್ತಿತ್ತೋ ಏನೋ.

ನೆಲ ಓರೆಯಿದ್ದರೆ ಗಾಲಿಗಳ ಕೆಳಗೆ ಹಲಗೆಯಿಟ್ಟು ಗಾಡಿಯನ್ನು ಸಮಮಾಡಬೇಕು. ಇಲ್ಲದಿದ್ದರೆ ಗ್ಯಾಸಿನಿಂದ ನಡೆಯುವ ಶೀತಪೆಟ್ಟಿಗೆ ಸರಿಯಾಗಿ ಕೆಲಸ ಮಾಡದು. ಮೋಡ ಕವಿದ ದಿನ ಮಾಳಿಗೆಯ ಮೇಲಿನ ಸೌರಫಲಕಗಳು ವಿದ್ಯುತ್ತಿಗೆ ಕೈಕೊಡುತ್ತವೆ. ಹೊರಡುವ ದಿನ ಕಪಾಟುಗಳಿಗೆಲ್ಲ ಅಗುಳಿ, ಮೆಟ್ಟಿಲು ಒಳಕ್ಕೆ, ಗಾಳಿಕಿಂಡಿ ಮುಚ್ಚಿಗೆ, ನೀರಿನ ಕೊಳವೆ ಮತ್ತು ವಿದ್ಯುತ್ತಿನ ತಂತಿ ಬಿಚ್ಚಿ ಸುತ್ತುವುದು. ಇದಕ್ಕೆ ಒಂದು ಪಟ್ಟಿಯನ್ನೇ ಬರೆದಿಟ್ಟುಕೊಂಡು, ಒಬ್ಬರು ಓದಿದಂತೆ ಇನ್ನೊಬ್ಬರು ನೋಡುತ್ತ ಹೋಗುವ ದಂಪತಿಗಳಿದ್ದಾರೆ. ಗಾಡಿಯನ್ನು ಹಿಂದಕ್ಕೆ ತಂದು ನಿಲ್ಲಿಸುವಾಗ ಒಬ್ಬರು ಚಕ್ರ ಹಿಡಿದರೆ ಇನ್ನೊಬ್ಬರು ಹಿಂದೆ ನಿಂತು ಕೈಸನ್ನೆ ಮಾಡಬೇಕು. ಹೆಂಡತಿಯೂ ಗಾಡಿ ನಡೆಸಲು ಕಲಿತಿರಬೇಕೆಂದು ಅನುಭವಿಗಳು ಒತ್ತಿ ಹೇಳುತ್ತಾರೆ. ಅದು ವಿನೋದಕ್ಕಲ್ಲ. ಗಂಡನಿಗೆ ದಾರಿಯಲ್ಲಿ ಎದೆನೋವು ಬಂದರೆ ಮನೆಯನ್ನು ಆಸ್ಪತ್ರೆಯವರೆಗೆ ಒಯ್ಯುವವರು ಯಾರು ಎಂಬ ಪ್ರಶ್ನೆಗೆ ಅದು ಉತ್ತರ.

ಈಗ ಕೇಳುತ್ತೇನೆ: ಇದರಲ್ಲಿ ವಾನಪ್ರಸ್ಥವೆಲ್ಲಿದೆ? ಕನ್ನಡ ಪಾಠ ಹೇಳುವವನಿಗೆ ಶಬ್ದಗಳ ವಿಷಯದಲ್ಲಿ ಸ್ವಲ್ಪ ಹಠವಿರುವುದು ಸಹಜ, ಓದುಗರು ಕ್ಷಮಿಸಬೇಕು. ಗೃಹಸ್ಥನು ಮೈಯ ಸುಕ್ಕು, ತಲೆಯ ನರೆ, ಮಗನ ಮಗ, ಇವನ್ನು ಕಂಡಾಗ ಊರಿನ ಆಹಾರವನ್ನೂ ತನ್ನ ವಸ್ತುಗಳನ್ನೂ ಬಿಟ್ಟು, ಹೆಂಡತಿಯನ್ನು ಮಕ್ಕಳಿಗೊಪ್ಪಿಸಿ ಅಥವಾ ಜೊತೆಗೆ ಕರೆದುಕೊಂಡು ಕಾಡಿಗೆ ಹೋಗಲಿ ಎಂಬುದು ಮನುವಿನ ವಿಧಿ. ಅಲ್ಲಿ ಮುಖ್ಯವಾದುದು ಬಿಡುವುದು. ಮೋಟಾರ್‌ಹೋಮಿನ ದಂಪತಿಗಳು ಏನನ್ನು ಬಿಟ್ಟಿದ್ದಾರೆ? ಗಾಡಿಯಲ್ಲಿ ಹಿಡಿಸದುದನ್ನು ಬಿಟ್ಟಿದ್ದಾರೆ, ಅಷ್ಟೆ. ಒಲೆ ಬಿಟ್ಟಿಲ್ಲ, ಲೆಕ್ಕದ ಪುಸ್ತಕ ಬಿಟ್ಟಿಲ್ಲ, ಮಂಚ ಬಿಟ್ಟಿಲ್ಲ, ನಾಯಿ ಬೆಕ್ಕುಗಳನ್ನೂ ಬಿಟ್ಟಿಲ್ಲ. ಲೀಟರಿಗೆ ಮೂರು ನಾಲ್ಕು ಕಿಲೋಮೀಟರು ಮಾತ್ರ ಓಡುವ ದೊಡ್ಡ ಗಾಡಿಯಲ್ಲಿ ಇಂಧನದ ಲೆಕ್ಕ ಹಾಕುತ್ತ ಹೋಗುವವರು ವಿರಕ್ತರೆ? ಗೃಹಸ್ಥಾಶ್ರಮವನ್ನು ಅವರು ಗಾಲಿಯ ಮೇಲೆ ಏರಿಸಿಕೊಂಡಿದ್ದಾರೆ. ಮನೆ ನಿಂತಲ್ಲೇ ನಿಂತಿದ್ದಾಗ ಪುರಸಭೆಯೂ ಕೂಲಿಯವರೂ ಮಾಡುತ್ತಿದ್ದ ಕೆಲಸವೆಲ್ಲ ಈಗ ಇವರ ಹೆಗಲಿಗೇ ಬಂದಿರುವುದರಿಂದ, ಇದು ಗಾರ್ಹಸ್ಥ್ಯದ ಇಮ್ಮಡಿಯೇ ಹೊರತು ಅದರ ಅಂತ್ಯವಲ್ಲ.

ಅಷ್ಟೇಕೆ, ವಿಳಾಸದ ಮಾತನ್ನೇ ತೆಗೆದುಕೊಳ್ಳಿ. ಕಾಡಿಗೆ ಹೋದವನಿಗೆ ವಿಳಾಸ ಬೇಡ. ಇವರಿಗೆ ಬೇಕು. ವಾಹನದ ಪರವಾನಗಿಗೆ, ಮತದಾನಕ್ಕೆ, ಬ್ಯಾಂಕಿಗೆ, ತೆರಿಗೆಗೆ, ವಿಮೆಗೆ ಒಂದು ಸ್ಥಿರವಾದ ಊರಿನ ಹೆಸರು ಬೇಕೇಬೇಕು. ಗಾಡಿಯಲ್ಲೇ ಬಾಳುತ್ತಿದ್ದ ಜೋ ಮತ್ತು ಕೇ ಪೀಟರ್ಸನ್ ಎಂಬ ದಂಪತಿಗಳು 1978ರಲ್ಲಿ ಎಸ್ಕೇಪೀಸ್ ಎಂಬ ಸಂಘವನ್ನು ಸ್ಥಾಪಿಸಿದರು. ಟೆಕ್ಸಾಸಿನ ಲಿವಿಂಗ್‌ಸ್ಟನ್ ಎಂಬ ಊರು ಅದರ ಕೇಂದ್ರ. ಆ ಸಂಘ ಮಾಡುವ ದೊಡ್ಡ ಉಪಕಾರಗಳಲ್ಲಿ ಒಂದು, ಸದಸ್ಯರ ಹೆಸರಿಗೆ ಬರುವ ಅಂಚೆಯನ್ನು ಸಂಗ್ರಹಿಸಿ ಅವರು ಇರುವಲ್ಲಿಗೆ ಕಳಿಸುವುದು. ಸಂಘದ ಹೆಸರಿಗೆ 'ತಪ್ಪಿಸಿಕೊಂಡವರು' ಎಂದರ್ಥ. ತಪ್ಪಿಸಿಕೊಂಡವರಿಗೂ ಪತ್ರ ಬೇಕೆಂಬುದನ್ನು ನಾನು ಹಾಸ್ಯಕ್ಕೆ ಹೇಳುತ್ತಿಲ್ಲ. ಅವರಿಗೆ ಲೋಕದ ಸಂಬಂಧ ಬೇಕು, ಅದನ್ನು ಅವರು ಶ್ರಮಪಟ್ಟು ಉಳಿಸಿಕೊಂಡಿದ್ದಾರೆ ಎಂಬುದಕ್ಕೆ ಇದು ಸಾಕ್ಷಿ.

ಇನ್ನು, ಇವರೆಲ್ಲ ಇಷ್ಟಪಟ್ಟೇ ಹೊರಟವರೆ? ಕೆಲವರು ಹೌದು. ಕೋಟಿ ರೂಪಾಯಿಗೂ ಮೀರಿದ ಬೆಲೆಯ ಗಾಡಿ ಕೊಂಡು, ಹಿಂದೊಂದು ಪುಟ್ಟ ಕಾರನ್ನೂ ಕಟ್ಟಿಕೊಂಡು ದೇಶ ನೋಡುತ್ತಿರುವವರಿದ್ದಾರೆ. ಅವರ ಸಂತೋಷಕ್ಕೆ ನಾನು ಕಲ್ಲು ಹಾಕುವವನಲ್ಲ. ಆದರೆ ಅವರ ಪಕ್ಕದಲ್ಲೇ, ಅದೇ ಮರುಭೂಮಿಯಲ್ಲಿ, ಹಳೆಯ ಗಾಡಿಯಲ್ಲಿ ಬೇರೆ ಬಗೆಯವರೂ ಇದ್ದಾರೆ. 2008ರ ಆರ್ಥಿಕ ಕುಸಿತದಲ್ಲಿ ಮನೆಯನ್ನೋ ಉಳಿತಾಯವನ್ನೋ ಕಳೆದುಕೊಂಡು, 1935ರ ಕಾನೂನಿನಿಂದ ಬಂದ ಸೋಷಿಯಲ್ ಸೆಕ್ಯುರಿಟಿಯ ಮಾಸಾಶನ ಮನೆಬಾಡಿಗೆಗೆ ಸಾಲದೆ, ಬಾಡಿಗೆಯನ್ನು ಬಿಟ್ಟು ಗಾಡಿಯನ್ನು ಹಿಡಿದವರು. ಜೆಸ್ಸಿಕಾ ಬ್ರೂಡರ್ ಎಂಬ ಪತ್ರಕರ್ತೆ ಇಂಥವರ ನಡುವೆ ಬಾಳಿ ಬರೆದ 'ನೊಮ್ಯಾಡ್‌ಲ್ಯಾಂಡ್' 2017ರಲ್ಲಿ ಪ್ರಕಟವಾಯಿತು. ಅದನ್ನು ಆಧರಿಸಿದ ಚಿತ್ರಕ್ಕೆ 2021ರಲ್ಲಿ ಶ್ರೇಷ್ಠ ಚಿತ್ರದ ಆಸ್ಕರ್ ಬಂದುದು ನಮ್ಮಲ್ಲಿ ಅನೇಕರಿಗೆ ಗೊತ್ತು. ಇಂಥ ವೃದ್ಧರು ಉತ್ತರ ಡಕೋಟ ಮತ್ತು ಮಿನ್ನೆಸೋಟಗಳ ಗಡಿಯ ರೆಡ್ ನದಿಯ ಬಯಲಿಗೆ ಶರತ್ಕಾಲದಲ್ಲಿ ಸಕ್ಕರೆ ಬೀಟಿನ ಕೊಯ್ಲಿಗೆ ಹೋಗುತ್ತಾರೆ. ಪಾಳಿ 12 ಗಂಟೆಯದು. ಅಮೆಜಾನ್ ಕಂಪನಿ 2008ರಲ್ಲಿ ಗಾಡಿವಾಸಿಗಳನ್ನೇ ಹಬ್ಬದ ಕಾಲದ ಉಗ್ರಾಣದ ಕೆಲಸಕ್ಕೆ ಸೇರಿಸಿಕೊಳ್ಳುವ ಒಂದು ಯೋಜನೆಯನ್ನು ಆರಂಭಿಸಿತ್ತು. ಅದು ಈಗ ನಿಂತಿದೆ. ಬೇಸಗೆಯಲ್ಲಿ ಶಿಬಿರಸ್ಥಳಗಳ ಕಾವಲು, ಪಾಯಖಾನೆಗಳ ಶುಚಿ ಇವರಿಗೆ ದೊರೆಯುವ ಮತ್ತೊಂದು ಉದ್ಯೋಗ. ಬೀಟು ಎತ್ತಿ ಬೆನ್ನುನೋವಿಗೆ ಮಾತ್ರೆ ನುಂಗುವ ಅಜ್ಜಿಗೆ ನಾವು ಇಲ್ಲಿಂದ ವಾನಪ್ರಸ್ಥೆ ಎಂಬ ಬಿರುದು ಕೊಡುವುದು ನ್ಯಾಯವೆ?

ನಮ್ಮ ಪುರಾಣವನ್ನೇ ಆಧಾರ ಮಾಡಿಕೊಳ್ಳುವವರು ಅದನ್ನು ಪೂರ್ತಿಯಾಗಿ ಓದಬೇಕು. ಮಹಾಭಾರತದ ಆಶ್ರಮವಾಸಿಕ ಪರ್ವದಲ್ಲಿ ಧೃತರಾಷ್ಟ್ರ ಕಾಡಿಗೆ ಹೊರಡುತ್ತಾನೆ. ಅದು ವೈರಾಗ್ಯವೆಂದು ಹೇಳಿ ಮುಗಿಸಬಹುದಿತ್ತು. ಮಹಾಕವಿ ಹಾಗೆ ಮುಗಿಸಲಿಲ್ಲ. ಯುದ್ಧ ಮುಗಿದು ಹದಿನೈದು ವರ್ಷ ಕಳೆದ ಮೇಲೂ, ನಿನ್ನ ಮಕ್ಕಳನ್ನು ಕೊಂದ ತೋಳುಗಳು ಇವೇ ಎಂಬರ್ಥದ ಮಾತನ್ನು ಭೀಮ ಮುದುಕನಿಗೆ ಕೇಳಿಸುವಂತೆ ಆಡುತ್ತಾನೆ. ಧರ್ಮರಾಯನಿಗೆ ಅದು ತಿಳಿಯದು. ಧೃತರಾಷ್ಟ್ರ ಕಾಡಿಗೆ ಹೋಗಲು ಅಪ್ಪಣೆ ಕೇಳಿದಾಗ ಅವನು ದುಃಖಿಸುತ್ತಾನೆ. ಕಾಡಿಗೆ ಹೋದವರೆಲ್ಲ ತಾವಾಗಿ ಹೋದವರಲ್ಲ, ಮನೆಯೊಳಗೆ ಕೇಳಿಬಂದ ಮಾತೊಂದು ಕೆಲವರನ್ನು ಹೊರದೂಡಿರುತ್ತದೆ ಎಂಬ ಕಹಿ ಸತ್ಯವನ್ನು ನಮ್ಮವರು ಆಗಲೇ ಬಲ್ಲರು. ಅಮೆರಿಕದ ಮುದುಕರಿಗೆ ಆ ಮಾತನ್ನು ಆಡಿದವನು ಮಗನೇ ಆಗಬೇಕೆಂದಿಲ್ಲ. ಬಾಡಿಗೆಯ ಚೀಟಿ ಆಡಿರಬಹುದು, ಆಸ್ಪತ್ರೆಯ ಬಿಲ್ಲು ಆಡಿರಬಹುದು. ನಾವು ಅವರನ್ನು ವಾನಪ್ರಸ್ಥರೆಂದು ಕರೆದ ಗಳಿಗೆಯಲ್ಲೇ ಭೀಮ ಯಾರು ಎಂದು ಕೇಳುವುದನ್ನು ನಿಲ್ಲಿಸುತ್ತೇವೆ.

"ಆದರೂ ಅವರು ಸ್ವತಂತ್ರರಲ್ಲವೆ?" ಎಂದು ನಮ್ಮ ಮಿತ್ರರು ಕೇಳಬಹುದು. ಅವರು ಕಂಡ ಕ್ವಾರ್ಟ್‌ಜೈಟ್ ಎಂಬ ಊರಿನ ಸುತ್ತಲೇ ನೋಡೋಣ. ಅಲ್ಲಿ ಕೇಂದ್ರ ಸರ್ಕಾರದ ಭೂನಿರ್ವಹಣಾ ಇಲಾಖೆ ದೀರ್ಘವಾಸಕ್ಕೆಂದು ಗೊತ್ತುಮಾಡಿದ ಬಯಲುಗಳಿವೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅಲ್ಲಿ ನಿಲ್ಲಬಹುದು. ಇಡೀ ಅವಧಿಯ ಶುಲ್ಕ ಬಹುಕಾಲ 180 ಡಾಲರಿತ್ತು. ಆ ಇಲಾಖೆಯ ಇತರ ಬಯಲುಗಳಲ್ಲಿ ಸಾಮಾನ್ಯವಾಗಿ 14 ದಿನಗಳ ಮಿತಿ. ಆಮೇಲೆ ಏಳಬೇಕು, ಇಷ್ಟವಿರಲಿ ಇಲ್ಲದಿರಲಿ. ವೈದ್ಯದ ವಿಷಯವೂ ಹೀಗೆಯೇ. 65 ವರ್ಷ ತುಂಬಿದವರಿಗೆ 1965ರ ಕಾನೂನಿನ ಮೆಡಿಕೇರ್ ವಿಮೆ ಇದೆ. ಅದರ ಮೂಲ ಯೋಜನೆ ದೇಶದಲ್ಲೆಲ್ಲ ನಡೆಯುತ್ತದೆ. ಖಾಸಗಿ ಕಂಪನಿಗಳ ಮೂಲಕ ಪಡೆಯುವ ಯೋಜನೆಗಳು ಬಹುಮಟ್ಟಿಗೆ ಆಯಾ ಪ್ರದೇಶದ ವೈದ್ಯರಿಗೆ ಕಟ್ಟುಬಿದ್ದವು. ತಿಂಗಳಿಗೊಂದು ಊರಿನಲ್ಲಿರುವ ರೋಗಿಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೊರಟುಹೋಗಬಲ್ಲವನು ಮಾತ್ರ ಸ್ವತಂತ್ರನಲ್ಲ. ಬೇಕೆಂದಾಗ ಹಿಂದಿರುಗಿ ನಿಲ್ಲಬಲ್ಲವನು ಸ್ವತಂತ್ರ.

ಈ ಸತ್ಯವನ್ನು ನಮಗಿಂತ ಚೆನ್ನಾಗಿ ಬಲ್ಲವರು ಆ ಗಾಡಿವಾಸಿಗಳೇ. ಲಿವಿಂಗ್‌ಸ್ಟನ್ನಿನಲ್ಲಿ ಆ ಸಂಘದವರು ಅಂಚೆಯ ಏರ್ಪಾಟಿಗೇ ತೃಪ್ತರಾಗಲಿಲ್ಲ. ಚಕ್ರ ಹಿಡಿಯುವ ಶಕ್ತಿ ಕುಂದಿದ ಸದಸ್ಯರು ತಮ್ಮ ಗಾಡಿಯನ್ನು ತಂದು ನಿಲ್ಲಿಸಿ, ಅದರಲ್ಲೇ ಇದ್ದುಕೊಂಡು, ಊಟ ಉಪಚಾರ ಪಡೆಯುವ ಆರೈಕೆಯ ಕೇಂದ್ರವೊಂದನ್ನು ಕಟ್ಟಿದರು. ಗಂಡನೋ ಹೆಂಡತಿಯೋ ಹಾಸಿಗೆ ಹಿಡಿದರೆ ಇನ್ನೊಬ್ಬರು ಒಂಟಿಯಾಗದಂತೆ ಅಲ್ಲಿ ನೆರೆಯವರಿದ್ದಾರೆ. ಇದನ್ನು ನಾನು ಮನಸಾರೆ ಹೊಗಳುತ್ತೇನೆ. ಅಲೆದಾಟವನ್ನು ಪ್ರೀತಿಸಿದವರೇ ಅಲೆದಾಟದ ಕೊನೆಯನ್ನು ಕಣ್ಣಿಟ್ಟು ನೋಡಿ, ಅದಕ್ಕೊಂದು ನೆಲೆ ಕಟ್ಟಿದರು. ಅದು ಗೃಹಸ್ಥರ ಬುದ್ಧಿ.

ಪರದೇಶದ ಮುದುಕರಿಗೆ ನಾವು ಯಾವ ಹೆಸರಿಟ್ಟರೇನು, ಅವರಿಗೆ ಕನ್ನಡ ಬರುವುದೆ ಎಂದು ಯಾರಾದರೂ ನಕ್ಕಾರು. ಆದರೆ ಆ ಶಬ್ದ ಅಲ್ಲಿಯೇ ನಿಲ್ಲುವುದಿಲ್ಲ. ತಿರುಗಿ ನಮ್ಮ ಮನೆಗೇ ಬರುತ್ತದೆ. ವೃದ್ಧಾಶ್ರಮದ ಹಲಗೆಯ ಮೇಲೆ ವಾನಪ್ರಸ್ಥವೆಂದು ಬರೆಸುವುದು ನಮ್ಮಲ್ಲಿ ಹೊಸತಲ್ಲ. ಊರಿನ ಮನೆ ಮಾರಿ, ಆರು ತಿಂಗಳು ಮಗನಲ್ಲಿ, ಆರು ತಿಂಗಳು ಮಗಳಲ್ಲಿ ಪೆಟ್ಟಿಗೆ ಹಿಡಿದು ತಿರುಗುವ ತಂದೆತಾಯಿಗಳನ್ನು "ಅವರಿಗೇನು, ಯಾವ ತಾಪತ್ರಯವೂ ಇಲ್ಲ, ಎಲ್ಲ ಬಿಟ್ಟಿದ್ದಾರೆ" ಎನ್ನುವುದನ್ನು ನೀವು ಕೇಳಿಲ್ಲವೆ? ಅವರು ಬಿಟ್ಟರೋ, ನಾವು ಬಿಡಿಸಿದೆವೋ? ತ್ಯಾಗಿಯೆಂದು ಒಮ್ಮೆ ಹೊಗಳಿಬಿಟ್ಟರೆ ಆತನಿಗೆ ಏನೂ ಕೊಡಬೇಕಾಗಿಲ್ಲ; ಇದಕ್ಕಿಂತ ಅಗ್ಗದ ಮರ್ಯಾದೆ ಬೇರೊಂದಿಲ್ಲ.

ಆದುದರಿಂದ ನಮ್ಮ ಹಿರಿಯ ಮಿತ್ರರಲ್ಲಿ ಒಂದು ಬಿನ್ನಹ. ಮುಂದಿನ ಸಲ ಅರಿಜೋನಕ್ಕೆ ಹೋದಾಗ ಅದೇ ಬಯಲಿಗೆ ಹೋಗಿ, ಒಂದು ಗಾಡಿಯ ಬಾಗಿಲು ತಟ್ಟಿ, ಅವರು ಕೊಟ್ಟ ಕಾಫಿಯನ್ನು ಕುಡಿದು ಮೂರು ಪ್ರಶ್ನೆ ಕೇಳಿ ಬನ್ನಿ: ನೀರು ಇನ್ನೆಷ್ಟು ದಿನಕ್ಕಿದೆ? ಈ ಗಾಡಿ ಕೆಟ್ಟರೆ ನಿಮಗೆ ಬೇರೆ ಸೂರು ಇದೆಯೆ? ನಿಮ್ಮಿಬ್ಬರಲ್ಲಿ ಒಬ್ಬರು ಮಲಗಿಬಿಟ್ಟರೆ ಎಲ್ಲಿ ನಿಲ್ಲಿಸುತ್ತೀರಿ? ಅವರ ಉತ್ತರವನ್ನು ನಮ್ಮ ಸಂಘದಲ್ಲಿ ಹಾಗೆಯೇ ಹೇಳಿ. ಆಗ ಮನಃಪೂರ್ವಕವಾಗಿ ಚಪ್ಪಾಳೆ ತಟ್ಟುತ್ತೇನೆ.